ಹೇಳದೆ ಫೋನ್ ಇಟ್ಟವಳು ನಾನಲ್ಲ

ಅಂಗಡಿಯಿಂದ
೧೪ನೇ ತಾರೀಖು, ಮಂಗಳವಾರ

ನನ್ನ ಮೊಂಡಿ ಮಗಳಿಗೆ ಅಮ್ಮನ ಆಶೀರ್ವಾದ.

ಫೋನ್ ಮಾಡದೆ ಕಾಗದ ಬರೆದಿದ್ದಾಳೆ ಎಂದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ಎದೆ ಹಿಡಿದುಕೊಳ್ಳಬೇಡ. ಎಲ್ಲರೂ ಗಟ್ಟಿಯಾಗಿದ್ದೇವೆ. ನಿನ್ನ ಸೋದರತ್ತೆ ಎಂದಿನಂತೆ ಕಾಲರಿಗೆ ಗಂಜಿ ಜಾಸ್ತಿ ಹಾಕುತ್ತಾಳೆ, ನಾನು ಎಂದಿನಂತೆ ಬೈಯುತ್ತೇನೆ. ಹೋದದ್ದು ನನ್ನ ಫೋನಿನ ಬ್ಯಾಟರಿ ಮಾತ್ರ. ಫೋನನ್ನು ಕಂಪನಿಯವರ ಬಳಿಯೇ ಬಿಟ್ಟು ಬಂದಿದ್ದೇನೆ. ಹಳೆಯ ಮಾದರಿಯಂತೆ, ಬ್ಯಾಟರಿ ಅವರ ಗೋದಾಮಿನಿಂದ ಬರಬೇಕಂತೆ. ಅದು ಕೈಗೆ ಸಿಗುವವರೆಗೆ ಕಾಯಬಹುದಿತ್ತು. ಕಾಯಲು ಆಗಲಿಲ್ಲ. ಏಕೆಂದು ಓದಿದರೆ ಗೊತ್ತಾಗುತ್ತದೆ.

ಮೊದಲು ಒಂದು ಪ್ರಶ್ನೆ. ನಾನು ಪಟ್ಟನೆ ಫೋನ್ ಇಟ್ಟುಬಿಡುವವಳು ಎಂದು ನಮ್ಮ ಬಳಗದಲ್ಲೆಲ್ಲ ಹೆಸರಾಗಿದೆ. ಆಗಲಿ. ಹೇಳುವುದು ಮುಗಿದ ಮೇಲೂ ಹಲ್ಲು ಕಿರಿಯುತ್ತ ನಿಲ್ಲುವುದು ನನ್ನಿಂದಾಗದು, ಇಡುತ್ತೇನೆ. ಸಿಟ್ಟು ಬಂದರೂ ಇಡುತ್ತೇನೆ. ಆದರೆ ‘ಇಡ್ತೀನಿ’ ಎಂದು ಹೇಳಿಯೇ ಇಡುತ್ತೇನೆ. ಹುಟ್ಟಿದಾಗಿನಿಂದ ನೋಡಿದ್ದೀಯಲ್ಲ, ಯಾವತ್ತಾದರೂ ಹೇಳದೆ ಇಟ್ಟಿದ್ದುಂಟೇ? ಆ ದಿನ ನಿನಗೆ ‘ಇಡ್ತೀನಿ’ ಎಂದು ಕೇಳಿಸಿತೇ? ಕೂತು ನೆನಪಿಸಿಕೊ.

ಆ ದಿನ ಎಂದರೆ ಯಾವುದೆಂದು ಇಬ್ಬರಿಗೂ ಗೊತ್ತು. ‘ಅಮ್ಮಾ, ಲಾಂಡ್ರಿ ನೋಡ್ಕೊಳ್ಳೋಕೆ ನಾನು ಬರಲ್ಲ. ಬಂದರಲ್ಲಿ ಕ್ರೇನ್ ಓಡಿಸೋ ಕೆಲಸಕ್ಕೆ ಸೇರಿದೀನಿ’ ಎಂದೆ. ಬಾಯಿಪಾಠ ಒಪ್ಪಿಸುವವಳ ಹಾಗೆ ಉಸಿರು ಕಟ್ಟಿ ಹೇಳಿದೆ. ನಾನು ಸ್ಟೀಮ್ ಪ್ರೆಸ್ಸಿನ ಪಕ್ಕ, ಆ ಬುಸುಬುಸು ಸದ್ದಿನಲ್ಲಿ ನಿಂತಿದ್ದೆ. ಸುಮ್ಮನಾದೆ. ಬಹಳ ಹೊತ್ತು ಸುಮ್ಮನಿದ್ದೆ, ನಿಜ. ಅಂದಿನಿಂದ ನೀನೂ ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ. ಅಂಗಡಿಗೆ ತೆಳು ಬಟ್ಟೆ ಬರುವುದು ನಿಂತು ಉಣ್ಣೆ ಕೋಟುಗಳು ಬರತೊಡಗಿದವು. ನಿನ್ನ ಸೋದರತ್ತೆಯ ಬಾಯಿಂದ ‘ಚೆನ್ನಾಗಿದ್ದಾಳಂತೆ’ ಎಂಬ ಒಂದು ಮಾತು ಬರುತ್ತಿತ್ತು, ಅಷ್ಟೇ.

ಫೋನಿನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಎಷ್ಟು ದಿನದಿಂದ ರೋಗವಿತ್ತೋ, ನಾನು ಗಮನ ಕೊಟ್ಟಿರಲಿಲ್ಲ. ಸಂಜೆ ಅಂಗಡಿ ಮುಚ್ಚುವಾಗ ನಿನ್ನ ಸೋದರತ್ತೆ ಅದನ್ನು ಚಾರ್ಜಿಗೆ ಹಾಕುತ್ತಾಳೆ, ಬೆಳಿಗ್ಗೆ ನನ್ನ ಕೈಗೆ ಬರುವಾಗ ಸರಿಯಾಗಿಯೇ ಇರುತ್ತದೆ. ಹೋದ ವಾರ, ನಮ್ಮಲ್ಲಿ ಬಟ್ಟೆ ಒಗೆಯಲು ಕೊಡುವ ಹೋಟೆಲಿನ ಮ್ಯಾನೇಜರ್ ಖುದ್ದಾಗಿ ಬಂದು ನಿಂತ. ‘ಮೇಡಂ, ನಿನ್ನೆ ಮಾತಾಡ್ತಾ ಇರೋವಾಗ್ಲೇ ಫೋನ್ ಕುಕ್ಕಿದ್ರಲ್ಲ, ನಾನೇನು ತಪ್ಪು ಮಾತಾಡ್ದೆ?’ ಎಂದ. ನನಗೆ ಮೈ ಉರಿಯಿತು. ಗಿರಾಕಿಯ ಮುಖಕ್ಕೆ ಫೋನ್ ಕುಕ್ಕುವ ಮನೆತನವೇ ನಮ್ಮದು? ಅವನ ಎದುರೇ ಇನ್ನೊಬ್ಬರಿಗೆ ಫೋನ್ ಹಚ್ಚಿ ತೋರಿಸಲು ಹೋದೆ. ನಲವತ್ತು ಪರ್ಸೆಂಟ್ ಎಂದು ತೋರಿಸುತ್ತಿದ್ದದ್ದು ರಿಂಗ್ ಆಗುವಷ್ಟರಲ್ಲಿ ಕಣ್ಣು ಮುಚ್ಚಿತು. ಅಷ್ಟಾದರೂ, ನೋಡು, ಬೇರೆ ಏನೂ ನನ್ನ ತಲೆಗೆ ಹೊಳೆಯಲಿಲ್ಲ.

ಮೂಲೆಯಂಗಡಿಯ ರಿಪೇರಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದನ್ನ ಮ್ಯೂಸಿಯಂಗೆ ಕೊಟ್ಬಿಡಿ. ಬೇಡ ಅಂದ್ರೆ ಯಾವ್ದಾದ್ರೂ ಬ್ಯಾಟರಿ ಕೂರಿಸ್ಕೊಡ್ತೀನಿ’ ಎಂದು ನಕ್ಕ. ಅವನ ಕೈಯಿಂದ ಕಿತ್ತುಕೊಂಡು ಬಂದೆ. ಯಾರೋ ಉಜ್ಜಿ ಕೆಡಿಸಿದ ಕಲೆಯನ್ನು ತೆಗೆಯುವ ಕಷ್ಟ ಏನೆಂದು ನನಗೆ ಗೊತ್ತು. ಮಾಡಿದವರೇ ಬಿಚ್ಚಲಿ, ಮಾಡಿದವರೇ ಮುಚ್ಚಲಿ ಎಂದು ಇಂದು ಬೆಳಿಗ್ಗೆ ಬಸ್ಸು ಹಿಡಿದು ಕಂಪನಿಯ ಸರ್ವಿಸ್ ಸೆಂಟರಿಗೇ ಹೋದೆ.

ಗಾಜಿನ ಬಾಗಿಲು, ಟೋಕನ್ನು, ಒಂದಕ್ಕೊಂದು ಅಂಟಿಸಿಟ್ಟ ಕುರ್ಚಿಗಳು. ಕೌಂಟರಿನಲ್ಲಿ ನಿನಗಿಂತ ಚಿಕ್ಕ ಹುಡುಗಿ. ‘ಬನ್ನಿ ಆಂಟಿ’ ಎಂದಳು. ಯಾವ ಕಡೆಯಿಂದ ಆಂಟಿ ಎಂದು ಕೇಳಿದೆ. ‘ಸಾರಿ ಮೇಡಂ’ ಎಂದಳು. ಅವಳ ಯೂನಿಫಾರ್ಮಿನ ಕಫ್ ಮೇಲೆ ಕಾಫಿ ಕಲೆ, ಹಳದಿಗಟ್ಟಿತ್ತು. ಸುಮ್ಮನಿರೋಣ ಎಂದುಕೊಂಡೆ, ಆಗಲಿಲ್ಲ. ಕುದಿಯುವ ನೀರು ಹಾಕಿದೆಯಾ ಎಂದು ಕೇಳಿದೆ. ಹೂಂ ಎಂದಳು. ಹಾಕಬಾರದಿತ್ತು, ಇನ್ನೊಮ್ಮೆ ತಣ್ಣೀರಲ್ಲಿ ನೆನೆಸಿ ತಾ, ನೋಡೋಣ ಎಂದೆ. ಅಲ್ಲಿಂದ ನಾನು ಮೇಡಂ ಹೋಗಿ ಅಮ್ಮ ಆದೆ.

ಫೋನಿಗೆ ಒಂದು ವೈರು ಸಿಕ್ಕಿಸಿ ತಪಾಸಣೆ ಮಾಡಿದಳು. ಬ್ಯಾಟರಿ ಸವೆದಿದೆಯಂತೆ. ಚಾರ್ಜ್ ಇದೆ ಎಂದು ತೋರಿಸುತ್ತದೆ, ಒಮ್ಮೆಲೇ ಭಾರ ಬಿದ್ದರೆ ತಡೆಯದೆ ಆರಿಹೋಗುತ್ತದೆ. ಹೋಟೆಲಿನ ಹೊದಿಕೆಯ ಗಂಟುಗಳು ಬಂದ ದಿನ ನಿನ್ನ ಸೋದರತ್ತೆಗೂ ಹೀಗೇ ಆಗುತ್ತದೆ. ಬ್ಯಾಟರಿ ಬದಲಾಯಿಸುವಾಗ ಒಳಗಿರುವುದು ಅಳಿಸಿಹೋದರೂ ಹೋಗಬಹುದು, ಬೇಕಾದದ್ದನ್ನು ಮೊದಲೇ ಇನ್ನೊಂದು ಕಡೆ ತೆಗೆದಿಡಿ ಎಂದಳು. ಏನೂ ಇಲ್ಲ, ಒಂದೇ ಒಂದು ಫೋಟೋ ಇದೆ ಎಂದೆ. ಹಳದಿ ಹೆಲ್ಮೆಟ್ ಹಾಕಿಕೊಂಡು ನೀನು ಸೋದರತ್ತೆಗೆ ಕಳಿಸಿದ್ದು. ಅವಳಿಂದ ನಾನು ಹೇಗೆ ಪಡೆದೆ ಎಂದು ಕೇಳಬೇಡ.

‘ಯಾರಮ್ಮ ಇದು?’ ಎಂದಳು ಹುಡುಗಿ.

ನನ್ನ ಮಗಳು, ಬಂದರಿನಲ್ಲಿ ಕ್ರೇನ್ ಓಡಿಸುತ್ತಾಳೆ ಎಂದೆ. ಸರದಿಯಲ್ಲಿದ್ದ ನಾಲ್ಕು ಜನಕ್ಕೂ ಕೇಳಿಸುವ ಹಾಗೆ ಹೇಳಿದೆ ಅನ್ನಿಸುತ್ತದೆ, ಎಲ್ಲರೂ ತಿರುಗಿ ನೋಡಿದರು.

ಆಮೇಲೆ ಅವಳು ಒಂದು ಮಾತು ಕೇಳಿದಳು. ‘ಅಮ್ಮಾ, ಮಾತಾಡ್ತಾ ಇರೋವಾಗ್ಲೇ ಆಫ್ ಆಗಿದ್ದು ಉಂಟಾ? ಎಷ್ಟೋ ಜನಕ್ಕೆ ಅದು ಗೊತ್ತೇ ಆಗಲ್ಲ. ಕಿವಿ ಹತ್ರ ಇಟ್ಕೊಂಡಾಗ ಸ್ಕ್ರೀನ್ ಹೆಂಗೂ ಕಪ್ಪಾಗಿರತ್ತಲ್ಲ. ಆ ಕಡೆ ಯಾರೂ ಇರಲ್ಲ, ಇವ್ರು ಪಾಪ ಮಾತಾಡ್ತಾನೇ ಇರ್ತಾರೆ.’

ಮಗಳೇ, ಆ ಮಾತನ್ನು ಅವಳ ಬಾಯಿಂದ ಇನ್ನೊಂದು ಸಲ ಹೇಳಿಸಿದೆ.

ಏಕೆಂದರೆ ಆ ದಿನ ನಾನು ಸುಮ್ಮನಿದ್ದು ಸುಮ್ಮನಿದ್ದು, ಕೊನೆಗೆ ಮಾತಾಡಿದ್ದೆ. ಎರಡು ಅಂಗಿಗೆ ಇಸ್ತ್ರಿ ಹಾಕುವಷ್ಟು ಹೊತ್ತು ಮಾತಾಡಿದ್ದೆ. ನಿನ್ನ ಅಪ್ಪನ ಹತ್ತಿರವೂ ಅಷ್ಟು ಮೆತ್ತಗೆ ನಾನು ಮಾತಾಡಿದವಳಲ್ಲ. ಹೇಳಿ ಮುಗಿಸಿ ನಿನ್ನ ‘ಸರಿ ಅಮ್ಮ’ ಎಂಬ ಮಾತಿಗೆ ಕಾದೆ. ಬರಲಿಲ್ಲ. ಕಿವಿಯಿಂದ ತೆಗೆದು ನೋಡಿದರೆ ಕಪ್ಪು. ಇಷ್ಟೆಲ್ಲ ಕೇಳಿಸಿಕೊಂಡು, ಒಂದು ಹೂಂ ಕೂಡ ಅನ್ನದೆ ಇಟ್ಟುಬಿಟ್ಟಳು ಎಂದುಕೊಂಡೆ. ಜನ್ಮದಲ್ಲಿ ಒಂದೇ ಸಲ ಬಗ್ಗಿದೆ, ಬಗ್ಗಿದ ಬೆನ್ನಿಗೆ ಗುದ್ದಿದಳು ಎಂದು ಫೋನನ್ನು ಡ್ರಾಯರಿಗೆ ಎಸೆದೆ. ಸಂಜೆ ನಿನ್ನ ಸೋದರತ್ತೆ ಅದನ್ನು ಎತ್ತಿ ಚಾರ್ಜಿಗೆ ಹಾಕಿದಳು. ಬೆಳಿಗ್ಗೆ ಅದು ಏನೂ ಆಗದವರ ಹಾಗೆ ಹೊಳೆಯುತ್ತಿತ್ತು. ಅದೇ ಸಿಟ್ಟನ್ನು ಇಷ್ಟು ದಿನ ಗಂಜಿ ಹಾಕಿ ಇಟ್ಟುಕೊಂಡಿದ್ದೆ.

ಬಸ್ಸಿನಲ್ಲಿ ಕೂತವಳು ಇಳಿಯುವ ನಿಲ್ದಾಣ ದಾಟಿ ಹೋದೆ. ತಲೆಯ ಮೇಲಿನ ಒದ್ದೆ ಬಟ್ಟೆಯ ಗಂಟನ್ನು ಯಾರೋ ಕೈಕೊಟ್ಟು ಇಳಿಸಿದ ಹಾಗಿತ್ತು. ನೀನು ಕೇಳಿಸಿಕೊಂಡೇ ಇರಲಿಲ್ಲ! ನಗು ಬಂತು. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂತರು.

ಅಂಗಡಿಗೆ ಬಂದು ನಿನ್ನ ಸೋದರತ್ತೆಯನ್ನು ಹಿಡಿದು ಕೇಳಿದೆ. ಬಾಯಿಬಿಟ್ಟಳು. ‘ಅಮ್ಮ ಒಂದು ಮಾತೂ ಆಡ್ದೆ ಫೋನ್ ಇಟ್ಬಿಟ್ಟಳು ಅಂತ ಅವಳು ಎಷ್ಟು ಅತ್ಲು ಗೊತ್ತಾ ಅತ್ತಿಗೆ’ ಎಂದಳು. ಮತ್ತೆ ನನಗೆ ಯಾಕೆ ಹೇಳಲಿಲ್ಲ ಎಂದು ಗದರಿದೆ. ‘ಅವಳ ಹೆಸರೆತ್ತಿದ್ರೆ ಸಾಕು, ಇಸ್ತ್ರಿಪೆಟ್ಟಿಗೆ ಎತ್ಕೊಂಡು ನಿಲ್ತಿದ್ರಿ. ಮೈ ಕೊಡೋಕೆ ನಾನೇನು ಬಟ್ಟೆನಾ?’ ಎಂದಳು. ಅವಳು ಹೇಳಿದ್ದು ಸರಿಯೇ. ಇದನ್ನು ಅವಳಿಗೆ ಹೇಳಬೇಡ.

ಹೀಗಿದೆ ವಿಷಯ. ನಾನು ಇಡಲಿಲ್ಲ. ನೀನೂ ಇಡಲಿಲ್ಲ. ಕಪ್ಪು ಗಾಜಿನ ಒಂದು ಡಬ್ಬಿಯ ಕೆಲಸಕ್ಕೆ ನಾವಿಬ್ಬರೂ ಒಬ್ಬರ ಮೇಲೊಬ್ಬರು ಮುಖ ಊದಿಸಿಕೊಂಡು ಕೂತೆವು. ಯಾರು ಮೊದಲು ಮಾಡಬೇಕು ಎಂದು ನೀನು ಕಾದೆ, ನಾನೂ ಕಾದೆ. ಆ ಮೊಂಡುತನ ನಿನಗೆ ಯಾರಿಂದ ಬಂತು ಎಂದು ಬಳಗದವರು ಕೇಳಿದರೆ ಅಪ್ಪನ ಕಡೆಯದು ಎಂದು ಹೇಳು.

ಆ ದಿನ ನಾನು ಹೇಳಿದ್ದೇನು ಎಂದು ನೀನು ಈಗ ಕೇಳುತ್ತೀಯ. ಬರೆಯುವುದಿಲ್ಲ. ಒಮ್ಮೆ ಹೇಳಿ ಆಗಿದೆ. ಕೇಳಿಸದಿದ್ದರೆ ಅದು ಬ್ಯಾಟರಿಯ ತಪ್ಪು.

ಈ ಕಾಗದ ತಲುಪಿದ ಮೇಲೆ ಬರುವ ಭಾನುವಾರ ಫೋನ್ ಮಾಡು. ಅಂಗಡಿ ಮುಚ್ಚಿರುತ್ತದೆ, ಸ್ಟೀಮ್ ಪ್ರೆಸ್ಸಿನ ಗಲಾಟೆ ಇರುವುದಿಲ್ಲ. ಹೊಟ್ಟೆಗೆ ಸರಿಯಾಗಿ ತಿನ್ನು. ಕೆಲಸದ ಬಟ್ಟೆಯ ಗ್ರೀಸಿನ ಕಲೆಗೆ ಮೊದಲು ನೀರು ಹಾಕಬೇಡ, ಒಣ ಪುಡಿ ಉದುರಿಸಿ ಹೀರಿಸು, ಆಮೇಲೆ ಸೋಪು.

ನಿನ್ನನ್ನು ಹೆತ್ತವಳು,
ಅಮ್ಮ

ಮತ್ತೆ: ಈ ಕಾಗದ ಅಂಚೆಗೆ ಹಾಕುವುದು ತಡವಾಯಿತು, ಅಷ್ಟರಲ್ಲಿ ಹೊಸ ಬ್ಯಾಟರಿ ಹಾಕಿದ ಫೋನ್ ಕೈಗೆ ಸಿಕ್ಕಿತು. ಏನೂ ಅಳಿಸಿಹೋಗಿಲ್ಲ. ಇಡೀ ದಿನ ಮಾತಾಡಿದರೂ ಆರುವುದಿಲ್ಲ ಎಂದು ಆ ಹುಡುಗಿ ಹೇಳಿದಳು. ಅವಳ ಕಫ್ ಬೆಳ್ಳಗಾಗಿತ್ತು. ಈಗ ನಾನೇ ನಿನಗೆ ಫೋನ್ ಮಾಡಬಹುದು. ಆದರೆ ಆ ಮಾತು ಎರಡನೇ ಸಲ ನನ್ನ ಬಾಯಲ್ಲಿ ಬರುವಂಥದ್ದಲ್ಲ, ಆದ್ದರಿಂದ ಬರೆದೇಬಿಡುತ್ತೇನೆ.

‘ಹೋಗು’ ಎಂದಿದ್ದೆ. ‘ನಿನ್ನ ಅಜ್ಜಿ ಈ ಇಸ್ತ್ರಿಪೆಟ್ಟಿಗೆಯನ್ನು ನನ್ನ ಕೈಗೆ ಕೊಡುವಾಗ ನಿನಗೆ ಇಷ್ಟವಾ ಎಂದು ಕೇಳಲಿಲ್ಲ. ನಿನಗೂ ಹಾಗಾಗುವುದು ಬೇಡ. ಲಾಂಡ್ರಿ ನನ್ನದು, ನನ್ನ ಕಾಲಕ್ಕೆ ಸಾಕು. ನೀನು ಮೇಲೆ ಹತ್ತು. ನನಗೆ ಹೆದರಿಕೆಯಾಗುತ್ತದೆ, ಆದರೂ ಹತ್ತು. ಹತ್ತಿದ ಮೇಲೆ ಕೆಳಗೆ ಮಾತ್ರ ನೋಡಬೇಡ’ ಎಂದಿದ್ದೆ.

ಆಮೇಲೆ, ಹಿಂದೆ ಬಂದರಿನಲ್ಲಿ ಕೆಲಸ ಮಾಡಿದ್ದ ಗಿರಾಕಿಯೊಬ್ಬನನ್ನು ಹಿಡಿದು ವಿಚಾರಿಸಿದೆ. ಕ್ರೇನಿನ ಮೇಲಿನ ಗೂಡಿನಲ್ಲಿ ಕೂತು ಕಾಲ ಕೆಳಗಿನ ಗಾಜಿನಿಂದ ದಿನವಿಡೀ ಕೆಳಗೆ ನೋಡುವುದೇ ನಿನ್ನ ಕೆಲಸವಂತೆ. ಆ ಒಂದು ಮಾತು ನಿನಗೆ ಕೇಳಿಸದೆ ಇದ್ದದ್ದು ಒಳ್ಳೆಯದೇ ಆಯಿತು. ಅದನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಕೆಳಗೆ ನೋಡು, ಚೆನ್ನಾಗಿ ನೋಡಿಕೊಂಡು ಕೆಲಸ ಮಾಡು. ಉಳಿದದ್ದೆಲ್ಲ ಹೇಳಿದ ಹಾಗೆಯೇ ಇದೆ.

ಇಡ್ತೀನಿ.