ಮುಚ್ಚಿದ ತೊಟ್ಟಿ

ಮೇ 6
ಲಿನ್ ಅವರ ಮನೆಯ ಸೂರು ಮುಗಿಯಿತು. ನೂರಾ ಹತ್ತು ಹೆಂಚು ಬದಲಾಯಿಸಿದೆ. ಮಳೆ ಬರದ ಹಾಗೆ ಮನೆಯ ನಡುವಿನ ತೆರೆದ ತೊಟ್ಟಿಯ ಮೇಲೂ ಪ್ಲಾಸ್ಟಿಕ್ ಶೀಟು ಹೊದಿಸಿ ಅಂದರು. ಬೇಡ ಅಂದೆ. ಎರಡೂ ಪಕ್ಕದ ಗೋಡೆ ನೆರೆಯವರಿಗೆ ಅಂಟಿಕೊಂಡಿದೆ, ಒಂದು ಕಿಟಕಿಯೂ ಇಲ್ಲ. ಒಳಗಿನ ಕಾವು ಹೋಗುವುದೂ ಕಡಲ ಗಾಳಿ ಬರುವುದೂ ತೊಟ್ಟಿಯಿಂದಲೇ. ನಮ್ಮ ಹಳೆಯ ಲುಕಾಂಗ್ ಊರಿನ ಅರ್ಧ ಮನೆಗಳಿಗೆ ಇದೇ ಮಾತು ಹೇಳಿದ್ದೇನೆ. ಬೆನ್ನು ನೋವು.

ಮೇ 19
ನನ್ನ ಹೆಂಡತಿ ಚಾಯ್‌ಹಾ ಬಿದ್ದಳು. ಹಿಂದಿನ ಅಡಿಗೆಮನೆಯಿಂದ ನನಗೆ ಮೀನಿನ ಸಾರು ತರುತ್ತಿದ್ದಳು. ಮಳೆ. ನಮ್ಮ ತೊಟ್ಟಿಯ ಕಲ್ಲು ಜಾರಿತು. ಸೊಂಟದ ಮೂಳೆ ಮುರಿದಿದೆ. ನಾಳೆ ಆಪರೇಷನ್. ಸಾರು ಚೆಲ್ಲಿಹೋಯಿತು ಅಂತ ಅವಳೇ ಪೇಚಾಡುತ್ತಾಳೆ... ಅವಳು ಯಾವಾಗಲೂ ಹಾಗೆಯೇ.

ಜೂನ್ 14
ನಮ್ಮ ತೊಟ್ಟಿಗೂ ಶೀಟು ಹಾಕಿದೆ. ನಾನೇ, ನನ್ನ ಕೈಯಾರೆ. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಅಂದಿದ್ದಾರೆ ಡಾಕ್ಟರು.

ಚಾಯ್‌ಹಾ ವಾಕರ್ ಹಿಡಿದು ಕೆಳಗಿಂದ ನೋಡುತ್ತಿದ್ದಳು. “ಊರಿಗೆಲ್ಲ ಬೇಡ ಬೇಡ ಅಂತೀರಿ. ನಮ್ಮನೆಗೆ ಬೇರೆ ನ್ಯಾಯಾನಾ?” ಅಂದಳು.

ಅವಳ ತಂಗಿ ಸ್ಯೋಕ್‌ಚಿನ್ ಊಟ ತಂದಿದ್ದಳು. ಎರಡು ಮನೆ ಆಚೆ ಅಂಗಡಿ ಅವಳದು. ಆಪರೇಷನ್ ಆದಾಗಿನಿಂದ ಮಧ್ಯಾಹ್ನದ ಊಟ ಅವಳ ಪಾಲು. “ನೀನು ಮತ್ತೆ ಮಲಗಿದ್ರೆ ಭಾವ ನನ್ನ ಅಡಿಗೇನೇ ತಿನ್ಬೇಕಲ್ಲ ಅಕ್ಕ, ಆ ಭಯ” ಅಂದಳು. ಮೂವರೂ ನಕ್ಕೆವು.

ಒಂದು ಮೂಲೆಯ ಶೀಟು ತೆರೆದಿಡುವ ಹಾಗೆ ಬಿಟ್ಟಿದ್ದೇನೆ. ಅಷ್ಟು ಗಾಳಿ ಸಾಕು... ಸಾಕಾಗುತ್ತದೆ.

ಜುಲೈ 25, ಸಂಜೆ 5
ನಾಳೆ ಚಂಡಮಾರುತವಂತೆ. ತೆರೆದ ಮೂಲೆಯನ್ನೂ ಮುಚ್ಚಿ ಬಿಗಿ ಮಾಡಿದೆ. ನಾಲ್ಕು ಸ್ಕ್ರೂ. ನೀರು ತುಂಬಿಸಿಟ್ಟಾಯಿತು.

ಜುಲೈ 27, ಬೆಳಿಗ್ಗೆ 6:30
ಗಾಳಿ ನಿಂತಿದೆ. ಒಂದು ಹನಿ ಒಳಗೆ ಬಂದಿಲ್ಲ. ಕರೆಂಟಿಲ್ಲ, ಫೋನಿಲ್ಲ. ಬಿಸಿಲು ಈಗಲೇ ಚುರುಕು. ಸೂರು ಹಾರಿದೆ ಅಂತ ಆಗಲೇ ನಾಲ್ಕು ಜನ ಬಾಗಿಲಿಗೆ ಬಂದರು. ಹೊರಟೆ.

ಆಗಸ್ಟ್ 9
ಪೆನ್ನು ಹಿಡಿಯಲಾಗಿರಲಿಲ್ಲ.

ಅವತ್ತು ಮಧ್ಯಾಹ್ನ ಎರಡೂವರೆಗೆ ಸ್ಯೋಕ್‌ಚಿನ್ ಊಟ ತಂದಾಗ ಚಾಯ್‌ಹಾ ನಡುಮನೆಯಲ್ಲಿ ಬಿದ್ದಿದ್ದಳು. ಮೈ ಕೆಂಡ. ಬೀದಿಗೆ ಹೋಗಲು ನೋಡಿದ್ದಳೋ ಏನೋ, ವಾಕರ್ ಬೀದಿಬಾಗಿಲ ಕಡೆಗೇ ಉರುಳಿತ್ತು. ನನ್ನನ್ನು ಹುಡುಕಿ ಕರೆದುಕೊಂಡು ಹೋಗುವಷ್ಟರಲ್ಲಿ ಆಸ್ಪತ್ರೆಯಲ್ಲಿ ಮುಗಿದಿತ್ತು. ಸೆಕೆ ತಡೆಯಲಾಗಿಲ್ಲ ಅಂದರು.

ಮರುದಿನವೇ ಶೀಟು ಕಿತ್ತೆಸೆದೆ. ಮನೆಯಲ್ಲಿ ಈಗ ಒಳ್ಳೆ ಗಾಳಿ. ಯಾರಿಗೆ?

ಆಗಸ್ಟ್ 16
ತೀರಿಕೊಂಡವರಿಗೆ ವಾರಕ್ಕೊಂದರಂತೆ ಮಾಡುವ ಪೂಜೆ, ಇವತ್ತು ಮೂರನೆಯದು. ಸ್ಯೋಕ್‌ಚಿನ್ ಇಳಿದುಹೋಗಿದ್ದಾಳೆ. ಊಟ ಬಿಟ್ಟಿದ್ದಾಳೆ. ಅವತ್ತು ಅಂಗಡಿಗೆ ನುಗ್ಗಿದ ನೀರು ಎತ್ತಿಹಾಕುತ್ತಾ ಹೊತ್ತಾಯಿತಂತೆ. ದಿನದ ಹಾಗೆ ಹನ್ನೆರಡಕ್ಕೇ ಬಂದಿದ್ದರೆ ಅಕ್ಕ ಉಳಿಯುತ್ತಿದ್ದಳು, ನಾನೇ ಕೊಂದೆ ಅನ್ನುತ್ತಾಳೆ. ಹೇಳಿದ್ದನ್ನೇ ಹೇಳುತ್ತಾಳೆ.

“ಬೆಳಿಗ್ಗೆ ಅಕ್ಕ ಏನಾದ್ರೂ ಅಂದ್ಲಾ ಭಾವ? ಸುಸ್ತು, ಸಂಕಟ, ಏನಾದ್ರೂ?”

ಏನೂ ಅನ್ನಲಿಲ್ಲ, ಚೆನ್ನಾಗಿದ್ದಳು ಅಂದೆ.

ಸುಳ್ಳು. ನಿಜವನ್ನು ಈ ಪುಸ್ತಕದಲ್ಲೂ ಬರೆದಿಲ್ಲ.

ಆಗಸ್ಟ್ 24
ಬರೆಯುತ್ತೇನೆ.

ಅವತ್ತು ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಿದ್ದೆ. ಚಾಯ್‌ಹಾ ಬಂದು ನಿಂತಳು. “ಹೋಗೋಕೆ ಮುಂಚೆ ಆ ಮೂಲೆ ಒಂಚೂರು ತೆಗೆದುಕೊಡ್ತೀರಾ? ಯಾಕೋ ಉಸಿರು ಕಟ್ಟಿದ ಹಾಗಾಗುತ್ತೆ.” ಏಣಿಯನ್ನು ಆಗಲೇ ಗಾಡಿಗೆ ಕಟ್ಟಿದ್ದೆ. ಜನ ಕಾಯುತ್ತಿದ್ದರು. ಸಂಜೆ ಬಂದು ತೆಗೆಯುತ್ತೇನೆ ಅಂದೆ. ಹೂಂ ಅಂದಳು. ಬೇಸರವೂ ಮಾಡಿಕೊಳ್ಳಲಿಲ್ಲ.

ಹತ್ತು ನಿಮಿಷದ ಕೆಲಸ. ಆ ದಿನ ಊರವರ ಮೂರು ಸೂರು ಸರಿ ಮಾಡಿದೆ.

ಆಗಸ್ಟ್ 30, ಸಂಜೆ 4
ಐದನೆಯ ವಾರದ ಪೂಜೆಗೆ ಸ್ಯೋಕ್‌ಚಿನ್ ಬಂದಳು. ಮೆಟ್ಟಿಲು ಹತ್ತಲೂ ತ್ರಾಣವಿಲ್ಲ. ಗೋಡೆ ಹಿಡಿದುಕೊಂಡಳು. ಅದನ್ನು ನೋಡಿ ತಡೆಯಲಾಗಲಿಲ್ಲ. ಕೂರಿಸಿ ಎಲ್ಲ ಹೇಳಿದೆ. ಸ್ಕ್ರೂ, ಏಣಿ, ಸಂಜೆ ಅಂದದ್ದು, ಅವಳಿಗೆ ಸುಳ್ಳು ಹೇಳಿದ್ದು. ನಿನ್ನ ತಪ್ಪು ಏನೂ ಇಲ್ಲ, ನನ್ನದು ಅಂದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕ ಅಂದ ಮಾತನ್ನು ಇನ್ನೊಂದು ಸಲ ಹೇಳಿ ಅಂದಳು. ಹೇಳಿದೆ.

“ಅಕ್ಕ ಯಾರ ಹತ್ರಾನೂ ಏನೂ ಕೇಳಿದವಳಲ್ಲ ಭಾವ” ಅಂದಳು. “ಚಿಕ್ಕಂದಿನಿಂದ್ಲೂ ಅಷ್ಟೆ.”

ಎದ್ದು ಹೋದಳು. ಅವಳ ಅಂಗಡಿ ಬಾಗಿಲವರೆಗೂ ನೋಡಿದೆ. ತಿರುಗಲಿಲ್ಲ.

ಅವಳಂದದ್ದು ನಿಜ. ಕೂತು ಯೋಚಿಸುತ್ತಿದ್ದೇನೆ. ಮದುವೆಯಾಗಿ ಮೂವತ್ತೊಂದು ವರ್ಷ. ಬಳೆ ಕೇಳಲಿಲ್ಲ, ಊರು ಸುತ್ತಿಸಿ ಅನ್ನಲಿಲ್ಲ, ಬಿದ್ದ ದಿನ ನೀರು ಸಹ ಕೇಳಲಿಲ್ಲ. ನನ್ನ ಹತ್ತಿರ ಅವಳು ಕೇಳಿದ್ದು ಅಂದರೆ ಅದೊಂದೇ—