ಬಿಸಿಲು ಬಂದರೆ ಅರಳುವ ಹೂ

ಯೂನಿಯನ್‌ವಿಲ್, ಕೆನಡಾ
ಮೇ ೨೪, ೨೦೨೫

ಪ್ರೀತಿಯ ಅಕ್ಕ,

ನಾನು ಕಾಗದ ಬರೆದು ವರ್ಷಗಳಾದವು. ಕೈಬರಹ ನೋಡಿ ಯಾರದಪ್ಪ ಇದು ಎನ್ನಬೇಡ. ಈಚೆಗೆ ನೀನು ಫೋನ್ ಮಾಡಿದಾಗಲೆಲ್ಲ ‘ಮೀಟಿಂಗಲ್ಲಿದ್ದೀನಿ’ ಎಂದೆ. ಎಲ್ಲ ಸಲವೂ ಇರಲಿಲ್ಲ. ಕ್ಷಮಿಸು. ಇದನ್ನು ಅಮ್ಮನ ಕೈಚೀಲದಲ್ಲಿ ಮಾತ್ರೆ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ನಾಳೆ ಅವಳ ವಿಮಾನ. ವೀಲ್‌ಚೇರಿಗೆ ಹೇಳಿದ್ದೇವೆ ಎಂದರೆ ಮುನಿಸು: “ನಾನೇನು ಮುದುಕೀನಾ?” “ಇಲ್ಲ ಅತ್ತೆ, ಅದರಲ್ಲಿ ಕೂತ್ರೆ ಕ್ಯೂನಲ್ಲಿ ನಿಲ್ಲಬೇಕಾಗಿಲ್ಲ” ಎಂದಳು ಶ್ರೀವಿದ್ಯಾ. ತಕ್ಷಣ ಒಪ್ಪಿದಳು.

ಈಗ ಚೆನ್ನಾಗಿದ್ದಾಳೆ. ಹಣೆಯ ಗಾಯ ಮಾಯುತ್ತಿದೆ. ಅಮ್ಮ ಬಿದ್ದಳು ಎಂದಷ್ಟೇ ಹೇಳಿದ್ದೆ. ಹೇಗೆ ಬಿದ್ದಳು ಎಂದು ನೀನು ಕೇಳುತ್ತಲೇ ಇದ್ದೆ. ಅದಕ್ಕೆ ಮೊದಲು ಹೂವಿನ ವಿಷಯ ಹೇಳಬೇಕು.

ಮನೆಯ ಮುಂದೆ, ಡ್ರೈವ್‌ವೇ ಪಕ್ಕದ ಕಲ್ಲುಮಣ್ಣಿನಲ್ಲಿ ಕಾಡು ಟ್ಯೂಲಿಪ್ ಬೆಳೆಸಿದ್ದೇನೆ. ಕ್ಯಾಲೆಂಡರಿನಲ್ಲಿ ಕಾಣುವ ಬಟ್ಟಲಿನಂಥ ಹೂವಲ್ಲ. ಇವು ಮಧ್ಯ ಏಷ್ಯಾದ ಬೆಟ್ಟಗಳ ಕಡೆಯವು. ಗೆಡ್ಡೆ ಸಾಂಬಾರ್ ಈರುಳ್ಳಿಯಷ್ಟು, ಗಿಡ ಒಂದು ಗೇಣಿಲ್ಲ. ದೊಡ್ಡ ಜಾತಿಯವು ಒಂದೆರಡು ವರ್ಷಕ್ಕೆ ಸೊರಗುತ್ತವೆ, ಇವು ತಾವಾಗಿಯೇ ಹಬ್ಬುತ್ತವೆ. ಚಳಿಗೆ ಮೊದಲು ನೆಟ್ಟು, ಅಳಿಲು ಅಗೆಯದಂತೆ ತಂತಿಬಲೆ ಹಾಸಿ, ಬೇಸಿಗೆಯಲ್ಲಿ ನೀರು ಹಾಕದೆ ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ನನಗೆ ಬರುವ ಕೆಲಸ, ನಿನಗೆ ಗೊತ್ತು. ಈ ವರ್ಷ ಮೊದಲ ಬಾರಿ ಗುಂಪುಗುಂಪಾಗಿ ಬಂದವು.

“ಇದೇನೋ ಮೋಹನ, ಇಷ್ಟು ಗಿಡ್ಡ! ಊಟ ಹಾಕಲ್ವೇನೋ ಇದಕ್ಕೆ?” ಎಂದಳು ಅಮ್ಮ. ಇಲ್ಲಿಯ ಕರಿ ಅಳಿಲು ಕಂಡು, “ಬೆನ್ನ ಮೇಲೆ ರಾಮನ ಬೆರಳಿನ ಗೆರೆಯೇ ಇಲ್ಲ. ಅದಕ್ಕೇ ಕಳ್ಳಬುದ್ಧಿ” ಎಂದಳು.

ಈ ಹೂವಿಗೊಂದು ಸ್ವಭಾವವಿದೆ. ಬಿಸಿಲು ಬಿದ್ದರೆ ನಕ್ಷತ್ರದ ಹಾಗೆ ಬಿಚ್ಚಿಕೊಳ್ಳುತ್ತದೆ. ನಡುವೆ ಹಳದಿ, ತುದಿ ಬಿಳಿ. ಸಂಜೆಯಾದರೆ, ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ. ಅಮ್ಮ ಪೂಜೆಗೆ ಹೂ ಬಿಡಿಸುವುದು ಬೆಳಗಾಗುತ್ತಲೇ, ಆಗ ಅವು ಮುಚ್ಚಿರುತ್ತವೆ. ಮಲ್ಲಿಗೆ, ಸಂಪಿಗೆ ಬಿಟ್ಟು ಬೇರೆ ಯಾವ ಹೂವನ್ನೂ ಅರಳದೆ ದೇವರಿಗೆ ಏರಿಸಬಾರದು ಎಂದು ಅಜ್ಜಿ ಹೇಳುತ್ತಿದ್ದಳಲ್ಲ. ಹಾಗಾಗಿ ಅಮ್ಮ ಪೂಜೆಯನ್ನೇ ಬಿಸಿಲಿನವರೆಗೆ ಮುಂದೂಡಿದಳು. ಪೂಜೆಯಾಗದೆ ತಿಂಡಿಯಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಎದ್ದ ಕೂಡಲೇ. “ಅದು ಔಷಧಿ ಕಣೋ, ಊಟ ಅಲ್ಲ.”

ಆ ದಿನ ಮೋಡ. ಶ್ರೀವಿದ್ಯಾ ಆಫೀಸಿಗೆ ಹೋಗಿದ್ದಳು. ನಾನು ಬೇಸ್‌ಮೆಂಟಿನಲ್ಲಿ ಕೆಲಸ ಮಾಡುತ್ತಿದ್ದೆ. ಕಾಫಿಗೆ ಮೇಲೆ ಬಂದಾಗ ಕಿಟಕಿಯಿಂದ ಕಂಡಳು: ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ಟು, ಪ್ಲಾಸ್ಟಿಕ್ ಸ್ಟೂಲು, ಮಡಿಲಲ್ಲಿ ಖಾಲಿ ಹೂಬುಟ್ಟಿ. “ತಿಂಡಿ ತಿನ್ನಮ್ಮ” ಎಂದೆ, ಕಿಟಕಿ ತೆರೆಯದೆ. ಕೇಳಿಸಿರಲಾರದು. ಕೈ ಬೀಸಿದಳು. ನಾನೂ ಬೀಸಿ ಕೆಳಗಿಳಿದೆ.

ಮತ್ತೆ ಬಂದು ನೋಡಿದರೆ ಹೂಗಳ ಪಕ್ಕದಲ್ಲೇ ಬಿದ್ದಿದ್ದಳು. ಮೈಯೆಲ್ಲ ಬೆವರು, ಮಾತಿಲ್ಲ. ಸಕ್ಕರೆ ತೀರಾ ಇಳಿದಿದೆ ಎಂದರು ಆಂಬುಲೆನ್ಸಿನವರು. ಅಷ್ಟರಲ್ಲಿ ಬಿಸಿಲು ಬಂದಿತ್ತು. ಅವಳನ್ನು ಸ್ಟ್ರೆಚರಿನಲ್ಲಿ ಎತ್ತುವಾಗ ಹೂಗಳು ಬಿಚ್ಚಿಕೊಳ್ಳುತ್ತಿದ್ದವು. ಅದನ್ನು ನಾನು ನೋಡಿದೆ, ಅಕ್ಕ. ಆ ಹೊತ್ತಿನಲ್ಲೂ ನೋಡಿದೆ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವಳ ಮೊದಲ ಮಾತು, “ಅರಳ್ತೇನೋ?”

“ಹೂಂ.”

“ದೇವರಿಗೆ ಇಟ್ಯಾ?”

“ಹೂಂ” ಎಂದೆ. ಇಟ್ಟಿರಲಿಲ್ಲ. ಮನೆಗೆ ಬಂದು ಕೀಳಲು ಹೋಗುವಷ್ಟರಲ್ಲಿ ಸಂಜೆ. ಎಲ್ಲ ಮುಚ್ಚಿದ್ದವು.

ಅಲ್ಲಿ ಅವಳನ್ನು ಯಾವ ಹೂವಿಗೂ ಕಾಯಲು ಬಿಡಬೇಡ. ಮಾತ್ರೆಯ ಹಿಂದೆಯೇ ತಿಂಡಿ ಕೊಡು. ಜಗಳವಾಡುತ್ತಾಳೆ, ಆಡಲಿ. ಭಾವನಿಗೆ ನಮಸ್ಕಾರ. ಲೀನಾಗೆ ಹೊಸ ಕೆಲಸ ಕೈಹಿಡಿಯಲಿ. ಸೋದರಮಾವನ ಆಶೀರ್ವಾದಕ್ಕೆ ಬೆಲೆಯಿದ್ದರೆ ಅದು ಪೂರ್ತಿ ಅವಳದು.

ನಿನ್ನ ತಮ್ಮ,
ಮೋಹನ

ಮತ್ತೆ: ಮೇಲೆ ‘ಹಾಗಾಗಿ ಅಮ್ಮ ಪೂಜೆಯನ್ನೇ ಬಿಸಿಲಿನವರೆಗೆ ಮುಂದೂಡಿದಳು’ ಎಂದು ಬರೆದಿದ್ದೇನೆ. ಅದು ಹಾಗಲ್ಲ. ಅಜ್ಜಿಯ ಆ ಮಾತು ಅಮ್ಮನಿಗೆ ಮರೆತೇಹೋಗಿತ್ತು. ಹೂ ಬಿಟ್ಟ ಮೊದಲ ವಾರ ಮುಚ್ಚಿದ್ದ ಹೂಗಳನ್ನೇ ಬುಟ್ಟಿ ತುಂಬ ಬಿಡಿಸಿ ತಂದಳು. ನನಗೆ ಹೊಟ್ಟೆ ಉರಿಯಿತು. ಕೀಳಬೇಡ ಎನ್ನಲು ಬಾಯಿ ಬರಲಿಲ್ಲ. ದೇವರಿಗೆ ಕೈಮುಗಿಯದ ನಾನು, “ಅರಳದ ಹೂ ದೇವರಿಗಾಗಲ್ಲ ಅಂತ ಅಜ್ಜಿ ಹೇಳ್ತಿರಲಿಲ್ವೇನಮ್ಮ?” ಎಂದೆ. ಬೆಳಗ್ಗೆ ಅವು ಅರಳುವುದಿಲ್ಲ, ಹೂ ಉಳಿಯುತ್ತವೆ ಎಂಬ ಲೆಕ್ಕ ನನ್ನದು. ಮಾರನೆಯ ದಿನದಿಂದ ಅವಳು ಸ್ಟೂಲು ಹಾಕಿಕೊಂಡು ಕಾಯತೊಡಗಿದಳು. ಅದನ್ನು ನೋಡಿಯೂ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಈಗ ಫೋನ್ ಮಾಡಿದವರಿಗೆಲ್ಲ ಹೇಳುತ್ತಿದ್ದಾಳೆ: “ನಾನೇ ಮರೆತಿದ್ದೆ. ಕೆನಡಾದಲ್ಲಿದ್ದೂ ನನ್ನ ಮಗ ಮರೆತಿಲ್ಲ ನೋಡಿ.” ನಿನಗೂ ಹೇಳುತ್ತಾಳೆ. ಹೌದಮ್ಮ ಎನ್ನು.