ನಿನ್ನ ಮೈಗೆ ಸುದ್ದಿಯೇ ಮುಟ್ಟಲಿಲ್ಲ

ಅಕ್ಕಾ,

ನೀನು ಬೈಯುವುದು ಹೇಗೂ ತಪ್ಪಿದ್ದಲ್ಲ, ಮೊದಲು ಪೂರ್ತಿ ಓದು. ಎದುರು ಕೂತು ಹೇಳಹೊರಟರೆ ಅರ್ಧದಲ್ಲೇ ಮಾತು ಬದಲಿಸಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯಿಂದ ತೆಗೆದ ಚೂರು ನಮ್ಮ ಲ್ಯಾಬಿಗೇ ಬಂತು. "ಬೇರೆಯವರು ಮಾಡ್ಲಿ ಬಿಡಮ್ಮ" ಅಂದರು ದೊಡ್ಡ ಡಾಕ್ಟರು. ನಾನು ಬಿಡಲಿಲ್ಲ. ದಿನವೂ ಯಾರ್ಯಾರದ್ದೋ ಗಡ್ಡೆಯನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬೆಚ್ಚನೆ ನೀರಿನಲ್ಲಿ ತೇಲಿಸಿ ಗಾಜಿಗೆ ಎತ್ತುವ ಕೈ ಇದು. ನಿನ್ನದನ್ನು ಇನ್ನೊಬ್ಬರಿಗೆ ಕೊಡಲು ಮನಸ್ಸು ಬರಲಿಲ್ಲ. ಬಣ್ಣ ಹಾಕಿದರೆ ಮೈ ಕಾಯುವ ಬಿಳಿ ರಕ್ತಕಣಗಳು ಕಂದು ಚುಕ್ಕಿಗಳಾಗಿ ಕಾಣಬೇಕು. ಗಾಜನ್ನು ಅತ್ತಿತ್ತ ಸರಿಸಿ ಹುಡುಕಿದೆ. ಗಡ್ಡೆಯ ಒಳಗೂ ಇಲ್ಲ, ಅಂಚಿನಲ್ಲೂ ಇಲ್ಲ. ದೊಡ್ಡ ಡಾಕ್ಟರೂ ನೋಡಿ ಕನ್ನಡಕ ತೆಗೆದಿಟ್ಟರು.

ನೀನು ಆಸೆ ಇಟ್ಟುಕೊಂಡಿರುವ ಇಂಜೆಕ್ಷನ್ ಮಾಡುವ ಕೆಲಸ ಇಷ್ಟೇ. ಕೆಲವರಲ್ಲಿ ಆ ಕಾವಲು ಕಣಗಳು ಗಡ್ಡೆಯ ತನಕ ಬಂದಿರುತ್ತವೆ. ನಾನೂ ನಿಮ್ಮವನೇ, ಸುಮ್ಮನಿರಿ ಅಂತ ಗಡ್ಡೆ ಸಂಕೇತ ಕೊಟ್ಟು ತಡೆದಿರುತ್ತದೆ. ಇಂಜೆಕ್ಷನ್ ಆ ಸಂಕೇತವನ್ನು ಮುಟ್ಟಗೊಡುವುದಿಲ್ಲ, ಆಗ ಅವು ಗಡ್ಡೆಯ ಮೇಲೆ ಬೀಳುತ್ತವೆ. ನಿನ್ನದು ಮಹಾ ಖದೀಮ ಗಡ್ಡೆ. ಕಾವಲಿನವರನ್ನು ಕರೆಯುವ ಸಂಕೇತವನ್ನೇ ಒಳಗೊಳಗೇ ಅದುಮಿಬಿಟ್ಟಿದೆ. ಯಾರೂ ಬಂದೇ ಇಲ್ಲವೆಂದರೆ ಇಂಜೆಕ್ಷನ್ ಯಾರ ತಡೆ ಬಿಡಿಸಬೇಕು? ಫಲ ಸಿಗುವ ಭರವಸೆ ಇಲ್ಲವೆನ್ನುವಷ್ಟು ಕಡಿಮೆ ಅಂದರು ದೊಡ್ಡ ಡಾಕ್ಟರು. ಬೇರೆ ಮಾತ್ರೆಗೆ ಬಗ್ಗುವ ಜಾತಿಯೂ ಅಲ್ಲವಂತೆ. ಸೋಮವಾರ ನಿನ್ನ ಡಾಕ್ಟರು ಇದನ್ನೇ ಸುತ್ತಿಬಳಸಿ ಹೇಳುತ್ತಾರೆ.

ಪಕ್ಕದ ಮನೆಯವರ ಮಾತು ಕೇಳಿ, ಶಕ್ತಿ ಬರಲಿ ಅಂತ ಆ ಹಾಳು ಕಹಿ ರಸ ಮೂಗು ಹಿಡಿದುಕೊಂಡು ಕುಡಿಯುತ್ತೀಯಲ್ಲ, ನಿಲ್ಲಿಸು. "ನನ್ನ ಮೈಯೇ ಕೈಕೊಡ್ತು ಕಣೇ" ಅಂದೆ ಮೊನ್ನೆ. ಇಲ್ಲ ಅಕ್ಕಾ. ಜ್ವರದಲ್ಲೂ ಶಾಲೆಗೆ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮೈ ಅದು. ಸುದ್ದಿ ಮುಟ್ಟಿದ್ದರೆ ಹೋರಾಡುತ್ತಿತ್ತು.

"ಇಂಜೆಕ್ಷನ್ ಹಿಡೀಲಿ, ಆಮೇಲೆ ಮಗಳಿಗೆ ಹೇಳೋಣ, ಪರೀಕ್ಷೆ ಹೊತ್ತಲ್ಲಿ ಬೇಡ" ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದೆಯಲ್ಲ. ನಿನ್ನೆ ಅವಳ ಹಾಸ್ಟೆಲಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅವಳು ಕೇಳಿದ್ದು ಒಂದೇ, "ಚಿಕ್ಕಮ್ಮ, ಪರೀಕ್ಷೆ ಬಿಟ್ಟು ನಾನು ಬಂದ್ರೆ, ಇಂಜೆಕ್ಷನ್ ಹಿಡಿಯಲ್ಲ ಅಂತ ಅಮ್ಮನಿಗೆ ಗೊತ್ತಾಗಿಬಿಡುತ್ತಲ್ವಾ?"

ಈಗ ನೀನು ಮಲಗಿದ್ದೀಯ. ಇದನ್ನು ದಿಂಬಿನ ಪಕ್ಕ ಇಟ್ಟು, ಅವಳನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೊರಟಿದ್ದೇನೆ. ಬೈಯುವುದಿದ್ದರೆ ನನ್ನನ್ನು ಬೈ. ಅವಳು ಬಂದಾಗ, ಚೆನ್ನಾಗಿದ್ದೀನಿ ಅಂತ ಮಾತ್ರ ಹೇಳಬೇಡ.

ನಿನಗೆ ನೋವು ಕಡಿಮೆ ಇರಲಿ. ಇದಕ್ಕಿಂತ ಹೆಚ್ಚು ಬೇಡಿಕೊಳ್ಳಲು ಬಾಯಿ ಬರುತ್ತಿಲ್ಲ.

ನಿನ್ನ ತಂಗಿ